ದೀಪದ ಸ್ವಿಚ್ಚು: ಮನೆಯಲ್ಲಿಯೂ ಮೋಟಾರಿನಲ್ಲಿಯೂ

ಸಂಧ್ಯಾಕಾಲದಲ್ಲಿ ಹೆಬ್ಬಾಳದ ಕೆರೆಯ ಬಳಿ ನಿಂತು ನೋಡಿದರೆ ಎರಡು ಬಗೆಯ ದೀಪಗಳು ಒಮ್ಮೆಗೇ ಕಣ್ಣಿಗೆ ಬೀಳುತ್ತವೆ. ಸುತ್ತಣ ಮನೆಗಳ ಕಿಟಕಿಗಳಲ್ಲಿ ಒಂದೊಂದಾಗಿ ಹೊತ್ತಿಕೊಳ್ಳುವ ದೀಪಗಳು ಒಂದು ಬಗೆ. ಮೇಲುಸೇತುವೆಯ ಮೇಲೆ ವಿಮಾನ ನಿಲ್ದಾಣದ ಕಡೆಗೂ ನಗರದ ಕಡೆಗೂ ಸಾಲುಗಟ್ಟಿ ಹರಿಯುವ ಮೋಟಾರುಗಳ ದೀಪಗಳು ಇನ್ನೊಂದು ಬಗೆ. ಎರಡಕ್ಕೂ ಬೆರಳಿನ ಒಂದು ಚಲನೆ ಸಾಕು. ಆದುದರಿಂದ ಎರಡು ಕಡೆಯ ಸ್ವಿಚ್ಚುಗಳೂ ಒಂದೇ ವಿಧವೆಂದು ನಾವು ಭಾವಿಸುವುದು ಸಹಜ. ಆದರೆ ಮನೆಯ ಸ್ವಿಚ್ಚಿನ ನಿಯಮವೇ ಬೇರೆ, ಮೋಟಾರಿನ ಸ್ವಿಚ್ಚಿನ ನಿಯಮವೇ ಬೇರೆ. ಈ ಭೇದವನ್ನು ಅರಿಯುವುದು ಕುತೂಹಲಕ್ಕೆ ಮಾತ್ರವಲ್ಲ, ಪ್ರಾಣರಕ್ಷಣೆಗೂ ಅವಶ್ಯಕವಾದುದು.

ಕಾವೇರಿಯ ಶಿವನಸಮುದ್ರದಲ್ಲಿ ೧೯೦೨ರಲ್ಲಿ ವಿದ್ಯುಚ್ಛಕ್ತಿಯ ಉತ್ಪಾದನೆ ಆರಂಭವಾಗಿ, ಅದು ಮೊದಲು ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದುದು ೧೯೦೫ನೆಯ ಆಗಸ್ಟ್ ೫ರಂದು. ಅಲ್ಲಿಯವರೆಗೆ ನಮ್ಮ ಮನೆಗಳಲ್ಲಿದ್ದುದು ಎಣ್ಣೆಯ ದೀಪ. ಅದನ್ನು "ಆರಿಸು" ಎನ್ನಬಾರದು, "ಶಾಂತ ಮಾಡು" ಎನ್ನಬೇಕು ಎಂದು ಹಿರಿಯರು ಹೇಳುತ್ತಿದ್ದರು. ಶಾಂತವಾದ ಎಣ್ಣೆಯ ದೀಪವನ್ನು ಮಕ್ಕಳು ಮುಟ್ಟಿದರೂ ಭಯವಿರಲಿಲ್ಲ. ವಿದ್ಯುದ್ದೀಪ ಹಾಗಲ್ಲ. ಬೆಳಕು ಹೋದ ಮಾತ್ರಕ್ಕೆ ಅಪಾಯವೂ ಹೋಯಿತೆಂದು ಹೇಳುವಂತಿಲ್ಲ. ಇದಕ್ಕೆ ಕಾರಣವೇನೆಂಬುದನ್ನು ನೋಡೋಣ.

ವಿದ್ಯುತ್ತು ಹರಿಯಬೇಕಾದರೆ ಹೋಗುವುದಕ್ಕೆ ಒಂದು ದಾರಿಯೂ ಹಿಂದಿರುಗುವುದಕ್ಕೆ ಒಂದು ದಾರಿಯೂ ಇರಬೇಕು. ಮನೆಯಲ್ಲಿ ಮೊದಲನೆಯದಕ್ಕೆ ಫೇಸ್ ತಂತಿಯೆಂದೂ ಎರಡನೆಯದಕ್ಕೆ ನ್ಯೂಟ್ರಲ್ ತಂತಿಯೆಂದೂ ಹೆಸರು. ಸ್ವಿಚ್ಚೆಂಬುದು ಈ ದಾರಿಯ ನಡುವೆ ಇರತಕ್ಕ ಒಂದು ಎತ್ತುಸೇತುವೆ. ಒಳಗಿನ ಎರಡು ಲೋಹದ ತುದಿಗಳು ಕೂಡಿದರೆ ದೀಪ ಹೊತ್ತುತ್ತದೆ, ಅಗಲಿದರೆ ಆರುತ್ತದೆ. ಆದರೆ ಅವು ಮೆಲ್ಲಗೆ ಅಗಲಿದರೆ ನಡುವಣ ಗಾಳಿಯಲ್ಲಿ ಕಿಡಿ ಎದ್ದು ಲೋಹವನ್ನು ಸುಡುತ್ತದೆ. ಈ ತೊಡಕನ್ನು ನಿವಾರಿಸಲು ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದ ಜಾನ್ ಹೆನ್ರಿ ಹೋಮ್ಸ್ ಎಂಬಾತನು ೧೮೮೪ರಲ್ಲಿ ಥಟ್ಟನೆ ಅಗಲುವ ಸ್ವಿಚ್ಚನ್ನು ರಚಿಸಿದನು. ಈಗಲೂ ಗುಂಡಿಯನ್ನು ನಾವು ಎಷ್ಟೇ ನಿಧಾನವಾಗಿ ಒತ್ತಿದರೂ ಒಳಗಿನ ಸ್ಪ್ರಿಂಗು "ಟಕ್" ಎಂದು ತುದಿಗಳನ್ನು ಸರಿಸಿಬಿಡುತ್ತದೆ. ಆ ಸದ್ದೇ ಅದರ ಆರೋಗ್ಯದ ಗುರುತು. ಸದ್ದು ಮಂಕಾಗಿ, ಒಳಗೆ ಚಿಟಚಿಟ ಎನ್ನುವ ಸ್ವಿಚ್ಚನ್ನು ಬದಲಾಯಿಸುವುದೇ ಲೇಸು.

ಇನ್ನು ಮುಖ್ಯವಾದ ಮಾತು. ಸ್ವಿಚ್ಚನ್ನು ಫೇಸ್ ತಂತಿಯಲ್ಲಿಟ್ಟರೂ ದೀಪ ಆರುತ್ತದೆ. ನ್ಯೂಟ್ರಲ್ ತಂತಿಯಲ್ಲಿಟ್ಟರೂ ಆರುತ್ತದೆ. ಕಣ್ಣಿಗೆ ಭೇದವೇ ತೋರದು. ಆದರೆ ನ್ಯೂಟ್ರಲ್‌ನಲ್ಲಿಟ್ಟಾಗ, ದೀಪ ಆರಿದ ಮೇಲೂ ೨೩೦ ವೋಲ್ಟಿನ ಒತ್ತಡ ಬಲ್ಬಿನ ಹೋಲ್ಡರಿನವರೆಗೆ ಬಂದು ಕಾದು ಕುಳಿತಿರುತ್ತದೆ. ಆಗ ಬಲ್ಬನ್ನು ಬದಲಾಯಿಸಲು ಹೋದವನ ಬೆರಳು ಹೋಲ್ಡರಿನ ಒಳಗಿನ ಲೋಹಕ್ಕೆ ತಗುಲಿದರೆ, ಅವನ ಮೈಯೇ ನೆಲಕ್ಕೆ ದಾರಿಯಾಗುತ್ತದೆ. ಆದುದರಿಂದ ಮನೆಯಲ್ಲಿ ಸ್ವಿಚ್ಚು ಫೇಸ್ ತಂತಿಯನ್ನೇ ಕತ್ತರಿಸತಕ್ಕದ್ದು.

ಸ್ವಿಚ್ಚು ಆರಿಸಿದ ಮೇಲೂ ಎಲ್.ಇ.ಡಿ. ಬಲ್ಬು ಮಸುಕಾಗಿ ಮಿನುಗುವುದನ್ನು ಕೆಲವರು ಕಂಡಿರಬಹುದು. ಸ್ವಿಚ್ಚಿನಲ್ಲೇ ಇರುವ ಸೂಚಕ ದೀಪದಿಂದಲೋ ಪಕ್ಕದ ತಂತಿಗಳ ಪ್ರಭಾವದಿಂದಲೋ ಹೀಗಾಗುವುದುಂಟು. ತಂತಿಗಳು ಅದಲುಬದಲಾಗಿರುವುದೂ ಕಾರಣವಾಗಬಹುದು. ಇದನ್ನು ಬಲ್ಬಿನ ದೋಷವೆಂದು ತಳ್ಳಿಹಾಕದೆ, ತಿಳಿದ ಕೆಲಸಗಾರನನ್ನು ಕರೆದು ಪರೀಕ್ಷೆ ಮಾಡಿಸಬೇಕು.

ಗುಂಡಿಯ ಸ್ಥಿತಿಯನ್ನು ನೋಡಿ ನಂಬುವಂತೆಯೂ ಇಲ್ಲ. ನಮ್ಮ ದೇಶದಲ್ಲಿ ಗುಂಡಿ ಕೆಳಗಿದ್ದರೆ ದೀಪ ಹೊತ್ತಿದೆಯೆಂದು ರೂಢಿ, ಅಮೆರಿಕದಲ್ಲಿ ಮೇಲಿದ್ದರೆ. ಮಹಡಿಯ ಮೆಟ್ಟಿಲಿನ ದೀಪಕ್ಕಂತೂ ಈ ರೂಢಿಯೂ ಅನ್ವಯಿಸದು. ಕೆಳಗೊಂದು, ಮೇಲೊಂದು ಸ್ವಿಚ್ಚು; ಅವುಗಳ ನಡುವೆ ಎರಡು ತಂತಿಗಳು. ಎರಡು ಸ್ವಿಚ್ಚುಗಳೂ ಒಂದೇ ತಂತಿಯನ್ನು ಹಿಡಿದರೆ ಬೆಳಕು. ಬೇರೆ ಬೇರೆ ತಂತಿಯನ್ನು ಹಿಡಿದರೆ ಕತ್ತಲು. ಯಾವ ಸ್ವಿಚ್ಚನ್ನು ಒತ್ತಿದರೂ ಸ್ಥಿತಿ ಬದಲಾಗುತ್ತದೆ. ಹೀಗಿರುವಾಗ ಗುಂಡಿ ಮೇಲಿದೆಯೆಂಬ ಧೈರ್ಯದಿಂದ ಕೈಯಿಡುವುದು ಸರಿಯಲ್ಲ.

ಈಗ ಮೋಟಾರಿನ ಕಡೆಗೆ ಬರೋಣ. ಕಾರಿನ ಬ್ಯಾಟರಿಯ ಒತ್ತಡ ಸಾಮಾನ್ಯವಾಗಿ ೧೨ ವೋಲ್ಟು ಮಾತ್ರ. ಅದನ್ನು ಒಣಗಿದ ಕೈಯಿಂದ ಮುಟ್ಟಿದರೆ ಏನೂ ತಿಳಿಯದು. ಆದುದರಿಂದ ಕಾರಿನಲ್ಲಿ ಹಿಂದಿರುಗುವ ತಂತಿಯನ್ನು ಬಹುಮಟ್ಟಿಗೆ ಬಿಟ್ಟು, ಗಾಡಿಯ ಉಕ್ಕಿನ ಮೈಯನ್ನೇ ದಾರಿಯಾಗಿ ಬಳಸುತ್ತಾರೆ. ಬಾಗಿಲು ತೆರೆದೊಡನೆ ಒಳಗಿನ ದೀಪ ಹೊತ್ತುವುದಷ್ಟೆ; ಅದರ ಸ್ವಿಚ್ಚು ಅನೇಕ ಕಾರುಗಳಲ್ಲಿ ಬಾಗಿಲ ಚೌಕಟ್ಟಿನಲ್ಲಿರುವ ಒಂದು ಚಿಕ್ಕ ಮೊಳೆ. ಬಾಗಿಲು ಮುಚ್ಚಿದಾಗ ಮೊಳೆ ಒಳಗೆ ಸರಿದು ದಾರಿ ಕಡಿಯುತ್ತದೆ. ತೆರೆದಾಗ ಸ್ಪ್ರಿಂಗಿನಿಂದ ಹೊರಬಂದು ಗಾಡಿಯ ಮೈಗೆ ಕೂಡಿಸುತ್ತದೆ. ಎಂದರೆ, ಇಲ್ಲಿ ಕಡಿಯುವುದು ಹಿಂದಿರುಗುವ ದಾರಿಯನ್ನು! ಮನೆಯಲ್ಲಿ ಮಹಾಪರಾಧವಾದುದು ಕಾರಿನಲ್ಲಿ ಸರಿಯಾದ ಪದ್ಧತಿ.

ಹಾಗಾದರೆ ಕಾರಿನಲ್ಲಿ ಭಯವೇ ಇಲ್ಲವೆ? ಉಂಟು, ಆದರೆ ಅದು ಬೇರೆ ಬಗೆಯದು. ೬೦ ವಾಟಿನ ಬಲ್ಬು ಮನೆಯಲ್ಲಿ ಎಳೆಯುವ ಪ್ರವಾಹ ಕಾಲು ಆಂಪಿಯರಿಗಿಂತ ತುಸು ಹೆಚ್ಚು. ಅಷ್ಟೇ ವಾಟಿನ ಬಲ್ಬು ಕಾರಿನಲ್ಲಿ ೫ ಆಂಪಿಯರನ್ನು ಎಳೆಯುತ್ತದೆ. ಒತ್ತಡ ಕಡಮೆಯಾದಷ್ಟೂ ಪ್ರವಾಹ ಹೆಚ್ಚಬೇಕು. ಮುಂದಿನ ಎರಡು ದೀಪಗಳ ೧೦ ಆಂಪಿಯರು ಚಾಲಕನ ಕೈಯ ಪುಟ್ಟ ಸ್ವಿಚ್ಚಿನಲ್ಲಿ ಹರಿದರೆ ಅದು ಬೇಗನೆ ಸವೆದು ಸುಡುತ್ತದೆ. ಅದಕ್ಕಾಗಿ ನಡುವೆ ರಿಲೇ ಎಂಬ ಸಾಧನವನ್ನಿಡುತ್ತಾರೆ. ಚಾಲಕನು ಒತ್ತಿದ ಸ್ವಿಚ್ಚು ಅಲ್ಪ ಪ್ರವಾಹದಿಂದ ಒಂದು ವಿದ್ಯುತ್ಕಾಂತವನ್ನು ಎಬ್ಬಿಸುತ್ತದೆ. ಆ ಕಾಂತವು ದಪ್ಪನೆಯ ತುದಿಗಳನ್ನು ಕೂಡಿಸುತ್ತದೆ. ಯಜಮಾನನು ಕಣ್ಸನ್ನೆ ಮಾಡಿದರೆ ಆಳು ಭಾರ ಹೊರುವಂತೆ! ಈಚಿನ ಅನೇಕ ಕಾರುಗಳಲ್ಲಿ ಆ ಸನ್ನೆಯು ಒಂದು ಗಣಕಕ್ಕೆ ಹೋಗಿ, ಅದೇ ದೀಪವನ್ನು ಹೊತ್ತಿಸುತ್ತದೆ.

ಈ ಹೆಚ್ಚಿನ ಪ್ರವಾಹವೇ ಕಾರಿನ ಅಪಾಯ. ತಂತಿಯ ಹೊದಿಕೆ ಸವೆದು ಗಾಡಿಯ ಮೈಗೆ ತಗುಲಿದರೆ, ಬ್ಯಾಟರಿಯು ನೂರಾರು ಆಂಪಿಯರನ್ನು ನೂಕಿ ತಂತಿಯನ್ನು ಕೆಂಡವಾಗಿಸಬಲ್ಲುದು. ತಾನು ಕರಗಿ ಗಾಡಿಯನ್ನು ಉಳಿಸತಕ್ಕದ್ದು ಫ್ಯೂಸು. ಅದು ಪದೇ ಪದೇ ಹೋಗುತ್ತದೆಂದು ದಪ್ಪ ತಂತಿಯ ಚೂರನ್ನು ಸಿಕ್ಕಿಸುವುದು, ಕಾವಲುಗಾರನನ್ನು ಮನೆಗೆ ಕಳುಹಿಸಿ ಬಾಗಿಲು ತೆರೆದಿಟ್ಟಂತೆ.

ಮನೆಯಲ್ಲಿ ಒತ್ತಡಕ್ಕೆ ಅಂಜಬೇಕು, ಕಾರಿನಲ್ಲಿ ಪ್ರವಾಹಕ್ಕೆ ಅಂಜಬೇಕು. ಇದೇ ಇದರ ಸಾರ. ಆದಕಾರಣ ಬಲ್ಬು ಬದಲಾಯಿಸುವಾಗ ಗೋಡೆಯ ಸ್ವಿಚ್ಚನ್ನಷ್ಟೇ ನಂಬದೆ, ಎರಡು ತಂತಿಗಳನ್ನೂ ಕಡಿಯುವ ಮೈನ್ ಸ್ವಿಚ್ಚನ್ನು ಆರಿಸೋಣ. ಕೈಯೂ ನೆಲವೂ ಒಣಗಿರಲಿ. ಆ ಒಂದು ನಿಮಿಷದ ಕತ್ತಲೆಯನ್ನು ಮನೆಯವರು ಸಹಿಸಬಹುದು. ಆಗಲೇ ಹಿರಿಯರ ಮಾತಿನಂತೆ ದೀಪವು ನಿಜವಾಗಿ ಶಾಂತವಾಯಿತೆನ್ನಬಹುದು.