ಊಟದ ಲೆಕ್ಕವೂ ಮೈಯ ತೂಕವೂ

ಮನೆಯ ಆದಾಯವೆಷ್ಟು, ವೆಚ್ಚವೆಷ್ಟು ಎಂಬುದನ್ನು ದಿನವೂ ಬರೆದಿಡುವ ಗೃಹಸ್ಥರು ನಮ್ಮಲ್ಲಿ ಹಲವರಿದ್ದಾರೆ. ತಾವು ಉಂಡುದೆಷ್ಟು ಎಂಬುದನ್ನು ಬರೆದಿಡುವವರು ವಿರಳ. ಈ ಎರಡನೆಯ ಲೆಕ್ಕವನ್ನು ಇಡಲು ಕಾಸು ಖರ್ಚಿಲ್ಲದ ಸಾಧನಗಳು ಈಗ ಅಂತರಜಾಲದಲ್ಲಿ ದೊರೆಯುತ್ತವೆ. ತಿಂದ ಪದಾರ್ಥದ ಹೆಸರನ್ನೂ ಪ್ರಮಾಣವನ್ನೂ ಮೊಬೈಲಿನಲ್ಲಿ ನಮೂದಿಸಿದರೆ ಸಾಕು. ಶಕ್ತಿ ಇಷ್ಟು ಕ್ಯಾಲೊರಿ, ಪ್ರೋಟೀನು ಇಷ್ಟು ಗ್ರಾಂ ಎಂಬ ಉತ್ತರ ಕ್ಷಣಮಾತ್ರದಲ್ಲಿ ಬರುತ್ತದೆ. ಮೈ ಇಳಿಸಿಕೊಳ್ಳಬೇಕೆಂಬ ಹಂಬಲವುಳ್ಳ ತರುಣ ತರುಣಿಯರು ಈ ಉತ್ತರವನ್ನು ವೇದವಾಕ್ಯವೆಂದೇ ನಂಬುವುದುಂಟು. ಆ ಅಂಕೆಗಳು ಎಲ್ಲಿಂದ ಬಂದುವು, ಅವನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದನ್ನು ವಿಚಾರ ಮಾಡೋಣ.

ಅಂಕೆಗಳ ಮೂಲ

ಒಂದು ಕಿಲೊಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ಸಿನಷ್ಟು ಏರಿಸಲು ಬೇಕಾದ ಶಾಖವೇ ಆಹಾರದ ಲೆಕ್ಕದಲ್ಲಿ ಬಳಸುವ ಕ್ಯಾಲೊರಿ. ಶಾಖದ ಅಳತೆಗೂ ಊಟಕ್ಕೂ ಸಂಬಂಧವೇನು? ಫ್ರಾನ್ಸಿನ ಲವಾಸಿಯೇ ಮತ್ತು ಲಾಪ್ಲಾಸ್ ಎಂಬ ವಿಜ್ಞಾನಿಗಳು 1780ರ ದಶಕದಲ್ಲಿ ಒಂದು ಗಿನಿಯಿಲಿಯನ್ನು ಮಂಜುಗಡ್ಡೆಯಿಂದ ಸುತ್ತುವರಿದ ಪಾತ್ರೆಯಲ್ಲಿಟ್ಟರು. ಕರಗಿದ ಮಂಜಿನ ತೂಕದಿಂದ ಅದರ ಮೈಶಾಖವನ್ನು ಅಳೆದರು. ಉಸಿರಾಟವೆಂಬುದು ನಿಧಾನವಾಗಿ ನಡೆಯುವ ಒಂದು ಬಗೆಯ ದಹನವೇ ಎಂದು ಅವರು ನಿರ್ಣಯಿಸಿದರು. ಒಲೆಗೆ ಸೌದೆ ಹೇಗೋ ದೇಹಕ್ಕೆ ಆಹಾರ ಹಾಗೆ.

ಇದೇ ಅಳತೆಯನ್ನು ಮನುಷ್ಯನಿಗೆ ಅನ್ವಯಿಸಿದವನು ಅಮೆರಿಕದ ಆಟ್‌ವಾಟರ್. 1890ರ ದಶಕದಲ್ಲಿ ಈತನು ಮಿಡಲ್‌ಟೌನ್ ಎಂಬ ಊರಿನಲ್ಲಿ ಮನುಷ್ಯನೊಬ್ಬನು ಹಲವು ದಿನ ವಾಸಿಸಬಹುದಾದ ಚಿಕ್ಕ ಕೋಣೆಯನ್ನು ಕಟ್ಟಿಸಿ, ಒಳಗಿದ್ದವನು ಹೊರಸೂಸಿದ ಶಾಖವನ್ನು ಅಳೆದನು. ಅವನು ತಿಂದುದರಲ್ಲಿ ಎಷ್ಟು ಶಕ್ತಿಯಿತ್ತು, ಜೀರ್ಣವಾಗದೆ ಎಷ್ಟು ಹೊರಬಿತ್ತು ಎಂಬುದನ್ನೂ ಲೆಕ್ಕ ಹಾಕಿದನು. ಈ ಶ್ರಮದ ಫಲವಾಗಿ ಒಂದು ಸರಳ ಸೂತ್ರ ದೊರೆಯಿತು: ಒಂದು ಗ್ರಾಂ ಪ್ರೋಟೀನಿನಿಂದ 4, ಪಿಷ್ಟ ಸಕ್ಕರೆಗಳಿಂದ 4, ಕೊಬ್ಬಿನಿಂದ 9 ಕ್ಯಾಲೊರಿ. ಇಂದಿನ ಸಾಧನಗಳು ತೋರಿಸುವ ಅಂಕೆಗಳಿಗೂ ತಳಹದಿ ಇದೇ. ಇವು ಸರಾಸರಿಗಳೆಂಬುದನ್ನು ಮಾತ್ರ ಮರೆಯಬಾರದು.

ನಮ್ಮ ದೇಶದ ಆಹಾರಗಳ ಪರೀಕ್ಷೆಯೂ ಹೊಸತಲ್ಲ. 1918ರಲ್ಲಿ ಕೂನೂರಿನಲ್ಲಿ ಚಿಕ್ಕದಾಗಿ ಆರಂಭವಾಗಿ, 1958ರಲ್ಲಿ ಹೈದರಾಬಾದಿಗೆ ಬಂದ ಸಂಸ್ಥೆಯೇ ಇಂದಿನ ರಾಷ್ಟ್ರೀಯ ಪೋಷಣ ಸಂಸ್ಥೆ. ಅದು 2017ರಲ್ಲಿ ಪ್ರಕಟಿಸಿದ ಕೋಷ್ಟಕದಲ್ಲಿ 528 ಭಾರತೀಯ ಆಹಾರಪದಾರ್ಥಗಳ ವಿವರಗಳಿವೆ. ಅದರ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 320, ಅಷ್ಟೇ ಅಕ್ಕಿಯಲ್ಲಿ ಸುಮಾರು 356 ಕ್ಯಾಲೊರಿ ಇದೆ.

ಅಕ್ಕಿಯೋ ಅನ್ನವೋ?

ಕನ್ನಡದಲ್ಲಿ ಅಕ್ಕಿ ಬೇರೆ, ಅನ್ನ ಬೇರೆ. ಇಂಗ್ಲಿಷಿನಲ್ಲಿ ಎರಡಕ್ಕೂ 'ರೈಸ್' ಎಂಬ ಒಂದೇ ಮಾತು. ಬೆಂದಾಗ ಅಕ್ಕಿ ನೀರನ್ನು ಹೀರಿ ಸುಮಾರು ಎರಡೂವರೆಯಿಂದ ಮೂರು ಪಟ್ಟು ತೂಗುತ್ತದೆ. ಆದುದರಿಂದ 100 ಗ್ರಾಂ ಅನ್ನದಲ್ಲಿ ಇರುವುದು ಸುಮಾರು 130 ಕ್ಯಾಲೊರಿ ಮಾತ್ರ. 300 ಗ್ರಾಂ ಅನ್ನ ಉಂಡವನು ಅದನ್ನು ಅಕ್ಕಿಯ ಸಾಲಿನಲ್ಲಿ ನಮೂದಿಸಿದನೆನ್ನಿ: 390ರ ಬದಲು 1,068 ಎಂಬ ಉತ್ತರ ಬರುತ್ತದೆ! ಯಂತ್ರವು ಕೂಡಿಸುವುದರಲ್ಲಿ ತಪ್ಪುವುದಿಲ್ಲ. ನಾವು ಕೊಟ್ಟುದನ್ನೇ ಕೂಡಿಸುತ್ತದೆ. ಕೆಲವು ಸಾಧನಗಳಲ್ಲಿ ಬಳಸುವವರೇ ಅಂಕೆಗಳನ್ನು ಸೇರಿಸಬಹುದಾದುದರಿಂದ ತಪ್ಪುಗಳು ಮತ್ತಷ್ಟು ನುಸುಳುತ್ತವೆ.

ಇದಕ್ಕಿಂತ ದೊಡ್ಡ ತಪ್ಪು ನಮ್ಮ ನೆನಪಿನದು. ಎಷ್ಟು ಕಡಿಮೆ ತಿಂದರೂ ಮೈ ಇಳಿಯದೆಂದು ಹೇಳುತ್ತಿದ್ದ ಕೆಲವರನ್ನು ನ್ಯೂಯಾರ್ಕಿನಲ್ಲಿ ಪರೀಕ್ಷಿಸಿ 1992ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಗುರುತು ಹಚ್ಚಬಲ್ಲ ಪರಮಾಣುಗಳುಳ್ಳ ನೀರನ್ನು ಕುಡಿಸಿ, ದೇಹ ವ್ಯಯಿಸುವ ಶಕ್ತಿಯನ್ನು ನಿಖರವಾಗಿ ಅಳೆಯುವ ವಿಧಾನವನ್ನು ಅಲ್ಲಿ ಬಳಸಿದ್ದರು. ಆ ಜನರ ಜೀವವ್ಯಾಪಾರದಲ್ಲಿ ಯಾವ ಕುಂದೂ ಇರಲಿಲ್ಲ. ತಿಂದುದನ್ನು ಅವರು ಸರಾಸರಿ 47 ಶೇಕಡದಷ್ಟು ಕಡಿಮೆ ಹೇಳಿದ್ದರು. ಒಗ್ಗರಣೆಯ ಎಣ್ಣೆ, ನಡುವೆ ಬಾಯಾಡಿದ ಹಿಡಿ ಕಡಲೆಕಾಯಿ, ಎರಡನೆಯ ಲೋಟ ಕಾಫಿಯ ಸಕ್ಕರೆ ಇವು ಯಾರಿಗೆ ತಾನೆ ನೆನಪಿರುತ್ತವೆ? ಒಂದು ಚಮಚ, ಎಂದರೆ 5 ಗ್ರಾಂ ಎಣ್ಣೆಯಲ್ಲೇ 45 ಕ್ಯಾಲೊರಿ ಅಡಗಿದೆ.

ಬರೆದಿಡುವುದರ ಪ್ರಯೋಜನ ಇಲ್ಲಿಯೇ ಇದೆ. ಅಮೆರಿಕದಲ್ಲಿ ಸುಮಾರು 1,700 ಮಂದಿಯ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ದಿನವೂ ಊಟವನ್ನು ಬರೆದಿಟ್ಟವರು ಬರೆಯದವರಿಗಿಂತ ಸುಮಾರು ಎರಡು ಪಟ್ಟು ತೂಕ ಕಳೆದುಕೊಂಡಿದ್ದರು. ಕಾಗದದ ಮೇಲೆ ಬರೆದರೇನು, ಮೊಬೈಲಿನಲ್ಲಿ ಬರೆದರೇನು? ತಿಂದುದು ಕಣ್ಣಿಗೆ ಬೀಳಬೇಕು, ಅಷ್ಟೆ.

ಇಳಿಕೆಯ ಗಣಿತ

ಒಂದು ಕಿಲೊ ಮೈಕೊಬ್ಬಿಗೆ ಸುಮಾರು 7,700 ಕ್ಯಾಲೊರಿ ಎಂಬ ಲೆಕ್ಕವೊಂದು 1958ರಿಂದ ಪ್ರಚಾರದಲ್ಲಿದೆ. ದಿನಕ್ಕೆ 500 ಕಡಿಮೆ ಮಾಡಿದರೆ ವರ್ಷಕ್ಕೆ ಸುಮಾರು 24 ಕಿಲೊ ಇಳಿಯಬೇಕು. ವಾಸ್ತವದಲ್ಲಿ ಹಾಗಾಗುವುದಿಲ್ಲ. ಹಗುರವಾದ ಗಾಡಿಯನ್ನು ಎಳೆಯಲು ಎತ್ತಿಗೆ ಶ್ರಮ ಕಡಿಮೆ. ಹಗುರವಾದ ದೇಹಕ್ಕೂ ಖರ್ಚು ಕಡಿಮೆ. ಕೆವಿನ್ ಹಾಲ್ ಮತ್ತು ಅವನ ಸಂಗಡಿಗರು 2011ರಲ್ಲಿ ತೋರಿಸಿದಂತೆ, ಸ್ಥೂಲಕಾಯದ ವಯಸ್ಕರಲ್ಲಿ ಮೊದಲ ವರ್ಷದ ಇಳಿಕೆ ಈ ಲೆಕ್ಕದ ಅರ್ಧದಷ್ಟೇ ಆಸುಪಾಸಿನಲ್ಲಿರುತ್ತದೆ. ಬಳಿಕ ಇನ್ನೂ ನಿಧಾನವಾಗುತ್ತದೆ. ಇಳಿಕೆ ನಿಧಾನವಾಯಿತೆಂದು ಊಟವನ್ನು ಮತ್ತೆ ಮತ್ತೆ ಕತ್ತರಿಸುವುದು ಅವಿವೇಕ. ದಿನದಿಂದ ದಿನಕ್ಕೆ ತೂಕ ಏರಿಳಿಯುವುದು ಬಹುಮಟ್ಟಿಗೆ ನೀರಿನಿಂದ. ನೋಡಬೇಕಾದುದು ವಾರಗಳ ಒಲವನ್ನು.

ವಿದ್ಯಾರ್ಥಿಗಳಿಗೆ ಒಂದು ಮಾತು

ಈ ಪುಟವನ್ನು ಓದುತ್ತಿರುವವರಲ್ಲಿ ಬಹುಮಂದಿ ಇನ್ನೂ ಬೆಳೆಯುತ್ತಿರುವವರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಅಂದಾಜಿನಂತೆ, ಕುಳಿತು ಕೆಲಸ ಮಾಡುವ ಪುರುಷನಿಗೆ ದಿನಕ್ಕೆ ಸುಮಾರು 2,100, ಅಂಥ ಸ್ತ್ರೀಗೆ ಸುಮಾರು 1,660 ಕ್ಯಾಲೊರಿ ಸಾಕು. 16ರಿಂದ 18 ವಯಸ್ಸಿನ ಹುಡುಗನಿಗಾದರೋ ಸುಮಾರು 3,300, ಹುಡುಗಿಗೆ ಸುಮಾರು 2,500 ಬೇಕು. ದೊಡ್ಡವರಿಗಾಗಿ ರಚಿಸಿದ ಸಾಧನದಲ್ಲಿ ವಯಸ್ಸನ್ನು ಹೆಚ್ಚಿಸಿ ಬರೆದು, ಅದು ಹೇಳಿದ ಅಂಕೆಗೆ ಊಟವನ್ನು ಇಳಿಸಿದರೆ, ಕೊಬ್ಬಿಗಿಂತ ಮೊದಲು ಹಾಳಾಗುವುದು ಎಲುಬಿನ ಬೆಳವಣಿಗೆ, ರಕ್ತದ ಪುಷ್ಟಿ, ಓದಿನ ಏಕಾಗ್ರತೆ. ತೂಕವು ನಿಜವಾಗಿಯೂ ಹೆಚ್ಚೋ ಎಂಬುದನ್ನು ವೈದ್ಯರು ಹೇಳಲಿ. ಊಟವನ್ನು ಕಂಡರೆ ಭಯವೋ ಅಪರಾಧಭಾವವೋ ಹುಟ್ಟತೊಡಗಿದರೆ ಲೆಕ್ಕವನ್ನು ಅಲ್ಲಿಗೇ ನಿಲ್ಲಿಸಿ ಹಿರಿಯರೊಡನೆ ಮಾತನಾಡಬೇಕು.

ಆದರೂ ಒಂದು ವಾರ ಈ ಲೆಕ್ಕವನ್ನು ಇಟ್ಟುನೋಡುವುದರಿಂದ ಯಾರಿಗೂ ನಷ್ಟವಿಲ್ಲ. ಕಡಿಮೆ ತಿನ್ನುವುದಕ್ಕಲ್ಲ, ತಿಳಿಯುವುದಕ್ಕೆ. ಬೇಳೆ, ಸೊಪ್ಪು, ಹಾಲು ಸಾಕಷ್ಟಿವೆಯೆ? ಎಣ್ಣೆ, ಸಕ್ಕರೆ ಎಲ್ಲಿಂದ ಬರುತ್ತಿವೆ? ತಕ್ಕಡಿಯೂ ಕೋಷ್ಟಕವೂ ಇದಕ್ಕೆ ಉತ್ತರ ಕೊಡಬಲ್ಲವು. ಆ ಉತ್ತರದಿಂದ ಏನು ಮಾಡಬೇಕೆಂಬುದನ್ನು ತೀರ್ಮಾನಿಸುವ ಕೆಲಸ ನಮ್ಮ ವಿವೇಕದ್ದು.