ಮಕ್ಕಳೊಡನೆ ಒಂದು ದ್ವೀಪಯಾತ್ರೆ

ಸುತ್ತಲೂ ನೀರಿನಿಂದ ಆವೃತವಾದ ಭೂಭಾಗಕ್ಕೆ ದ್ವೀಪವೆನ್ನುತ್ತಾರೆ. ಮೂವತ್ತು ವರ್ಷಗಳಿಂದ ಈ ವಾಕ್ಯವನ್ನು ನಾವು ಶಾಲೆಯಲ್ಲಿ ಮಕ್ಕಳಿಂದ ಬಾಯಿಪಾಠ ಮಾಡಿಸುತ್ತ ಬಂದಿದ್ದೇವೆ. ಒಂದು ಬೇಸಿಗೆಯ ರಜೆಯಲ್ಲಿ ಕೊಲ್ಹಾಪುರದಿಂದ ಬಂದಿದ್ದ ಹತ್ತು ವರ್ಷದ ಮೊಮ್ಮಗಳು ಪತ್ರಿಕೆಯೊಂದರಲ್ಲಿ ಗ್ರೀಸ್ ದೇಶದ ದ್ವೀಪದ ಚಿತ್ರವನ್ನು ಕಂಡಳು. ನೀಲ ಸಮುದ್ರ, ದಂಡೆಯ ಮೇಲೆ ಸುಣ್ಣ ಬಳಿದ ಬಿಳಿಯ ಮನೆಗಳು. “ಅಜ್ಜ, ನೀವು ದ್ವೀಪ ನೋಡಿದ್ದೀರೇನು?” ಎಂದು ಮರಾಠಿಯಲ್ಲಿ ಕೇಳಿದಳು. ಇಲ್ಲವೆನ್ನದೆ ಗತ್ಯಂತರವಿರಲಿಲ್ಲ. ಭೂಗೋಳ ಕಲಿಸುವ ಮುಖ್ಯಾಧ್ಯಾಪಕನಿಗೆ ಅದು ನಾಚಿಕೆಯ ಸಂಗತಿಯೇ ಸರಿ.

ಅವಳು ಮರಾಠಿಯಲ್ಲಿ ಕೇಳಿದ್ದೂ ನಮ್ಮನ್ನು ಯೋಚನೆಗೆ ಹಚ್ಚಿತು. ನಮ್ಮ ಹಿರಿಯ ಮಗನ ಸಂಸಾರ ಕೊಲ್ಹಾಪುರದಲ್ಲಿ, ಮಗಳದು ಇಚಲಕರಂಜಿಯಲ್ಲಿ, ಕಿರಿಯ ಮಗ ನಮ್ಮೊಡನೆ ಗಡಹಿಂಗ್ಲಜದ ಹತ್ತಿರದ ಹಳ್ಳಿಯಲ್ಲಿ. ಮೂರು ಮನೆಯ ಮಕ್ಕಳು ವರ್ಷಕ್ಕೆ ನಾಲ್ಕು ದಿನ ಕೂಡಿದರೆ ಹೆಚ್ಚು. ಮರಾಠಿ ನಮ್ಮ ಮಕ್ಕಳಿಗೆ ವಿದ್ಯೆ ಕೊಟ್ಟ ಭಾಷೆ. ಅದರ ಬಗ್ಗೆ ನಮಗೆ ಗೌರವವೇ ಇದೆ. ಆದರೆ ಕೊಲ್ಹಾಪುರದ ಹುಡುಗಿ ಕನ್ನಡವನ್ನು ತಿಳಿಯುತ್ತಿದ್ದಳೇ ಹೊರತು ಆಡುತ್ತಿರಲಿಲ್ಲ. ವಾಚಕರಲ್ಲಿ ಅನೇಕರ ಮನೆಯ ಕಥೆಯೂ ಇದೇ ಇದ್ದೀತು.

ಗ್ರೀಸಿಗೆ ಹೋಗುವ ಶಕ್ತಿ ನಮಗಿಲ್ಲ. ಆದರೆ ನಮ್ಮ ಸೀಮೆಯ ಬೆನ್ನಿಗೇ ಸಮುದ್ರವಿದೆ. ಮಾಲವಣದ ಎದುರಿಗೆ ಕುರಟೆ ಎಂಬ ದ್ವೀಪವಿದೆ. ಅದರ ಮೇಲೆ ಶಿವಾಜಿ ಮಹಾರಾಜರು ಕಟ್ಟಿಸಿದ ಸಿಂಧುದುರ್ಗವಿದೆ. ಅಲ್ಲಿಗೇ ಹೋಗುವುದೆಂದು ನಿಶ್ಚಯವಾಯಿತು.

ಮೊದಲ ಯಾತ್ರೆ ಕೆಟ್ಟಿತೆಂಬುದನ್ನು ಮುಚ್ಚಿಡಲಾರೆವು. ಯೋಜನೆಯನ್ನು ದೊಡ್ಡವರೇ ಹಾಕಿದೆವು. ಅದೇ ಮೇ ತಿಂಗಳ ಕೊನೆಯ ವಾರ, ಎರಡೇ ದಿನ, ಆರು ಸ್ಥಳಗಳು. ಹೊಟ್ಟೆ ತುಂಬ ಉಂಡು ಘಟ್ಟ ಇಳಿದದ್ದರಿಂದ ಇಬ್ಬರು ಮಕ್ಕಳು ವಾಂತಿ ಮಾಡಿಕೊಂಡರು. ಮಾಲವಣದ ಧಕ್ಕೆ ತಲುಪಿದಾಗ ಕಡಲು ಕೆರಳಿ ದೋಣಿಗಳು ನಿಂತುಹೋಗಿದ್ದವು. ಮಳೆಗಾಲದಲ್ಲಿ ಅಲ್ಲಿ ದೋಣಿ ಸಂಚಾರ ಬಂದಾಗಿರುತ್ತದೆ. ಮೇ ಕೊನೆಯಿಂದಲೇ ಅದರ ಸಿದ್ಧತೆ. ವಿಚಾರಿಸದೆ ಹೊರಟ ತಪ್ಪು ನಮ್ಮದು. ಎದುರಿಗೇ ಕಾಣುತ್ತಿದ್ದ ಕೋಟೆಯನ್ನು ದಂಡೆಯಿಂದಲೇ ನೋಡಿ ಮರಳಿದೆವು. ದಾರಿಯುದ್ದಕ್ಕೂ ಮಕ್ಕಳು ಮಾತಾಡಲಿಲ್ಲ.

ಮರುವರ್ಷ ದೀಪಾವಳಿಯ ರಜೆಗೆ ಯೋಜನೆಯನ್ನು ಮಕ್ಕಳ ಕೈಗೇ ಕೊಟ್ಟೆವು. ದೀಪಾವಳಿಗೆ ಇಚಲಕರಂಜಿಯ ಮಗ್ಗಗಳು ನಿಲ್ಲುವುದರಿಂದ ಅಳಿಯಂದಿರಿಗೂ ಬಿಡುವು. ಕೊಲ್ಹಾಪುರದ ಹುಡುಗಿಗೆ ನಕಾಶೆ ಹಾಗೂ ದಾರಿಯ ವಹಿ. ಇಚಲಕರಂಜಿಯ ಎಂಟು ವರ್ಷದ ಹುಡುಗನಿಗೆ ಖರ್ಚಿನ ಲೆಕ್ಕ. ಇನ್ನೂ ಶಾಲೆಯ ಮುಖ ಕಾಣದ ನಾಲ್ಕು ವರ್ಷದ ನಮ್ಮ ಮನೆಯ ಪೋರನಿಗೆ ಕವಡೆ-ಚಿಪ್ಪುಗಳ ಚೀಲ. ಆರು ಸ್ಥಳಗಳ ಬದಲು ಎರಡು, ಎರಡು ದಿನಗಳ ಬದಲು ನಾಲ್ಕು. ಅದರಲ್ಲೊಂದು ದಿನ ಪೂರ್ತಿ ಖಾಲಿ. ಗ್ರೀಸಿನ ದ್ವೀಪಗಳಲ್ಲಿಯೂ ಬೇಸಿಗೆಯ ಉತ್ತರದ ಗಾಳಿ ಜೋರಾದರೆ ಹಡಗುಗಳು ನಿಲ್ಲುತ್ತವೆ. ದ್ವೀಪಕ್ಕೆ ಹೊರಟವರು ಕಡಲಿಗೆಂದು ಒಂದು ದಿನವನ್ನು ಮೀಸಲಿಡಲೇಬೇಕು.

ಮೂರೂ ಮನೆಯವರು ನಮ್ಮ ಹಳ್ಳಿಯಲ್ಲಿ ಕೂಡಿ ಆಜರೆಯ ಮಾರ್ಗವಾಗಿ ಅಂಬೋಲಿಗೆ ಹೊರಟೆವು. ಕೊಲ್ಹಾಪುರದಿಂದ ನೇರವಾಗಿ ಹೋಗುವವರಿಗೆ ಗಗನಬಾವಡೆಯ ದಾರಿಯೂ ಇದೆ. ನಮ್ಮ ದಾರಿಯಲ್ಲಿ ಒಂದು ವಿಶೇಷವುಂಟು. ಗಡಹಿಂಗ್ಲಜದ ಹೊಲಗಳಿಗೆ ನೀರುಣಿಸುವ ಹಿರಣ್ಯಕೇಶಿ ಹುಟ್ಟುವುದು ಅಂಬೋಲಿಯಲ್ಲಿ. ಊರ ಹೊಳೆಯ ಹಿಂದೆ ಅದರ ತವರಿಗೇ ಹೋದಂತಾಯಿತು. ಅಲ್ಲಿಯ ದೇವಾಲಯದ ಕುಂಡದಲ್ಲಿ ದೊರೆತ ಹೊಸ ಜಾತಿಯ ಮೀನಿಗೆ 2020ರಲ್ಲಿ ವಿಜ್ಞಾನಿಗಳು ಇದೇ ಹೊಳೆಯ ಹೆಸರಿಟ್ಟರು. ಅಲ್ಲಿ ಹುಟ್ಟಿದ ನೀರು ಪೂರ್ವಕ್ಕೆ ಹರಿದು, ಸಂಕೇಶ್ವರವನ್ನು ದಾಟಿ, ಘಟಪ್ರಭೆಯನ್ನೂ ಕೃಷ್ಣೆಯನ್ನೂ ಕೂಡಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಘಟ್ಟದ ಆಚೆ ಬಿದ್ದ ಮಳೆ ಕೆಲವೇ ಗಂಟೆಗಳ ದಾರಿಯ ಅರಬ್ಬೀ ಸಮುದ್ರಕ್ಕೆ. ಇದನ್ನು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೆವೋ! ಮಕ್ಕಳು ಅಂದು ಕಣ್ಣಾರೆ ಕಂಡರು.

ಅಂಬೋಲಿಯಲ್ಲಿ ಒಂದು ರಾತ್ರಿ ತಂಗಿ, ಬೆಳಿಗ್ಗೆ ಹಗುರಾಗಿ ಅವಲಕ್ಕಿ ತಿಂದು ಘಟ್ಟ ಇಳಿದೆವು. ಈ ಸಲ ಯಾರಿಗೂ ವಾಂತಿಯಾಗಲಿಲ್ಲ. ಸಾವಂತವಾಡಿ, ಕುಡಾಳಗಳ ಮೇಲೆ ಹಾಯ್ದು ಮಾಲವಣ ಮುಟ್ಟಿದೆವು. ಮಾಲವಣ ಮೀನೂಟಕ್ಕೆ ಹೆಸರಾದ ಊರು. ನಮ್ಮಂಥ ಶಾಕಾಹಾರಿಗಳು ಖಡಕ್ ರೊಟ್ಟಿ, ಶೇಂಗಾಚಟ್ನಿಯ ಗಂಟು ಕಟ್ಟಿಕೊಂಡು ಹೋಗುವುದು ಲೇಸು. ದೋಣಿಗೆ ಬೆಳಗಿನ ಹೊತ್ತೇ ಒಳ್ಳೆಯದು. ಮಧ್ಯಾಹ್ನ ಗಾಳಿಯೂ ಬಿಸಿಲೂ ಏರುತ್ತವೆ. ಮಕ್ಕಳಿಗೆ ತೇಲುವ ಅಂಗಿಯನ್ನು ತೊಡಿಸದೆ ದೋಣಿ ಹತ್ತಿಸಬಾರದು. ದೊಡ್ಡವರ ಕೈಬಿಟ್ಟು ಮೊಳಕಾಲಿಗಿಂತ ಆಳದ ನೀರಿಗೆ ಇಳಿಯಗೊಡಬಾರದು.

ಕೋಟೆಯ ಕೆಲಸ ಆರಂಭವಾದದ್ದು 1664ರಲ್ಲಿ. ಮುಗಿಯಲು ಮೂರು ವರ್ಷ ಬೇಕಾಯಿತು. ಸುಮಾರು 48 ಎಕರೆಯ ನೆಲ, ಸುತ್ತಲೂ ಸುಮಾರು 3 ಕಿ.ಮೀ. ಉದ್ದದ ಗೋಡೆ. ಹೆಬ್ಬಾಗಿಲು ಗೋಡೆಯ ತಿರುವಿನಲ್ಲಿ ಅಡಗಿದೆ. ಹತ್ತಿರ ಹೋಗುವತನಕ ಕಾಣದು. ಒಳಗೆ 1695ರಲ್ಲಿ ರಾಜಾರಾಮ ಮಹಾರಾಜರು ಕಟ್ಟಿಸಿದ ಶಿವಾಜಿಯ ದೇಗುಲವಿದೆ. 2025ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ 12 ಮರಾಠಾ ಕೋಟೆಗಳಲ್ಲಿ ಇದೂ ಒಂದು, ಕೊಲ್ಹಾಪುರದ ನೆರೆಯ ಪನ್ಹಾಳವೂ ಒಂದು.

ಆದರೆ ಮಕ್ಕಳನ್ನು ಹಿಡಿದು ನಿಲ್ಲಿಸಿದ್ದು ಗೋಡೆಯಲ್ಲ, ಬಾವಿಗಳು. ದೂಧಬಾವ, ದಹೀಬಾವ, ಸಾಖರಬಾವ ಎಂಬ ಮೂರು ಸಿಹಿನೀರಿನ ಬಾವಿಗಳು ಉಪ್ಪು ಸಮುದ್ರದ ನಡುವೆ! ಹೆಸರು ಕೇಳಿದ ಪೋರ ಅಕ್ಕನ ಲಂಗ ಜಗ್ಗಿ “ಅಂದ್ರ ಏನು?” ಎಂದ. ಅವನಿಗೆ ಮರಾಠಿ ಬಾರದು. ಹುಡುಗಿ ನಮ್ಮತ್ತ ನೋಡಿದಳು, ನಾವು ಸುಮ್ಮನಿದ್ದೆವು. ಅವಳು ತಡವರಿಸಿ, “ಹಾಲಿನ ಬಾವಿ, ಮಸರಿನ ಬಾವಿ, ಸಕ್ಕರಿ ಬಾವಿ” ಎಂದಳು. ತಟ್ಟನೆ, “ಬಾವ ಅಂದ್ರ ನಮ್ಮ ಬಾವೀನ!” ಎಂದು ತಾನೇ ನಕ್ಕಳು. ಸಿಹಿನೀರು ಹೇಗೆ ಬಂತೆಂದು ಅವನು ಬಿಡದೆ ಕೇಳಿದ. ಮಳೆಯ ನೀರು ನೆಲದಲ್ಲಿ ಇಂಗಿ ನಿಲ್ಲುತ್ತದೆ, ಉಪ್ಪುನೀರಿಗಿಂತ ಅದು ಹಗುರವೆಂದು ನಾವು ಅವಳಿಗೆ ಹೇಳಿದೆವು. ಅವಳು ಅವನಿಗೆ ತನಗೆ ಬಂದಂತೆ ಕನ್ನಡದಲ್ಲಿ ಹೇಳಿದಳು. ಅಂದಿನ ಉಳಿದ ಹೊತ್ತೆಲ್ಲ ಅವನ ಪ್ರಶ್ನೆಗಳಿಗೆ ಅವಳೇ ಮಾಸ್ತರಳಾದಳು.

ಖಾಲಿಯಿಟ್ಟ ದಿನವನ್ನು ತಾರಕರ್ಲಿಯ ಮರಳಿನಲ್ಲಿ ಕಳೆದೆವು. ಏನನ್ನೂ ನೋಡಲಿಲ್ಲ, ಮಕ್ಕಳಿಗೆ ಅದೇ ಎಲ್ಲಕ್ಕಿಂತ ಸೇರಿತು.

ಊರಿಗೆ ಮರಳಿದ ಮೇಲೆ ದಾರಿಯ ವಹಿಯನ್ನು ತೆರೆದು ನೋಡಿದೆವು. ಮೊದಲ ಮೂರು ಪುಟ ಮರಾಠಿಯಲ್ಲಿ. ನಾಲ್ಕನೆಯದು, ತಮ್ಮನಿಗೆ ಓದಿ ಹೇಳಲೆಂದು, ಕನ್ನಡದ ಮಾತಿನಲ್ಲಿ, ಮರಾಠಿಯ ಲಿಪಿಯಲ್ಲಿ. ಎರಡೂ ಕಡೆ ತಪ್ಪುಗಳಿದ್ದವು. ಕೆಂಪು ಪೆನ್ನನ್ನು ಕಿಸೆಯಿಂದ ತೆಗೆಯಲಿಲ್ಲ.

ವಾಚಕರಲ್ಲಿ ನಮ್ಮ ಅರಿಕೆ ಇಷ್ಟೇ. ಮುಂಬರುವ ರಜೆಯಲ್ಲಿ ದೂರ ಹೋಗಿರಿ, ಹತ್ತಿರ ಹೋಗಿರಿ, ಊರೂರಿಗೆ ಚದುರಿದ ಮಕ್ಕಳನ್ನು ಒಂದೇ ಗಾಡಿಯಲ್ಲಿ ಕೂಡಿಸಿರಿ. ಯೋಜನೆಯ ಕಾಗದವನ್ನು ಅವರ ಕೈಗೆ ಕೊಡಿರಿ. ಕಡಲಿಗೆಂದು ಒಂದು ದಿನವನ್ನು ಬಿಟ್ಟುಕೊಡಿರಿ.