ಬಾಟಲಿಯಲ್ಲಿ ಬೆದೆ ಮಾರುವವರು

ಅಕ್ಟೋಬರ್ ಬಂತೆಂದರೆ ಅಮೆರಿಕದ ಪೆನ್ಸಿಲ್ವೇನಿಯಾ, ವಿಸ್ಕಾನ್ಸಿನ್, ಮಿಷಿಗನ್ ರಾಜ್ಯಗಳ ಸಣ್ಣ ಊರುಗಳಲ್ಲಿ ಬೇಟೆ ಸಾಮಾನಿನ ಅಂಗಡಿಗಳಿಗೆ ಹಬ್ಬದ ಕಳೆ. ಬಂದೂಕು, ಬಿಲ್ಲು, ಕಿತ್ತಳೆ ಬಣ್ಣದ ಅಂಗಿಗಳ ಪಕ್ಕದ ಕಪಾಟಿನಲ್ಲಿ ಅಂಗೈಯಲ್ಲಿ ಅಡಗುವಂಥ ಪುಟ್ಟ ಬಾಟಲಿಗಳು ಸಾಲಾಗಿ ಕೂತಿರುತ್ತವೆ. ಒಳಗಿರುವುದು ಜಿಂಕೆಯ ಮೂತ್ರ. ಅದೂ ಅಂತಿಂಥದ್ದಲ್ಲ, ಬೆದೆಗೆ ಬಂದ ಹೆಣ್ಣು ಜಿಂಕೆಯದು ಎಂದು ಲೇಬಲ್ ಸಾರುತ್ತದೆ. ನಾಲ್ಕು ಹನಿ ಚೆಲ್ಲಿ ಮರದ ಮೇಲಿನ ಅಟ್ಟಣೆಯಲ್ಲಿ ಕೂತರೆ ಸಾಕು, ಆ ಕಾಡಿನ ಅತಿ ದೊಡ್ಡ ಕೊಂಬಿನ ಗಂಡು ತಾನಾಗಿ ಹುಡುಕಿಕೊಂಡು ಬರುತ್ತದೆ ಎಂಬುದು ಮಾರುವವರ ಮಾತು.

ಕೊಳ್ಳುವವರಿಗೆ ಬರವಿಲ್ಲ. 2022ರ ಸರ್ಕಾರಿ ಸಮೀಕ್ಷೆಯ ಪ್ರಕಾರ ಅಮೆರಿಕದಲ್ಲಿ 16 ವರ್ಷ ತುಂಬಿದ ಬೇಟೆಗಾರರೇ 1.44 ಕೋಟಿ. ಅವರಲ್ಲಿ ಹೆಚ್ಚಿನವರ ಕಣ್ಣು ಜಿಂಕೆಯ ಮೇಲೆ. ಪೆನ್ಸಿಲ್ವೇನಿಯಾದಲ್ಲಂತೂ ಜಿಂಕೆ ಬೇಟೆ ಶುರುವಾಗುವ ದಿನ ಶಾಲೆಗಳಿಗೆ ರಜೆ ಕೊಡುವ ರೂಢಿ ದಶಕಗಳ ಕಾಲ ನಡೆದುಬಂದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜಿಂಕೆ ಹೊಡೆಯುವುದು ಅಪರಾಧವಾಗಿರುವ ನಮಗೆ ಇದು ವಿಚಿತ್ರವೆನಿಸಬಹುದು. ಅಲ್ಲಿನ ಲೆಕ್ಕವೇ ಬೇರೆ. ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಸುಮಾರು 5 ಲಕ್ಷಕ್ಕೆ ಇಳಿದಿದ್ದ ಬಿಳಿಬಾಲದ ಜಿಂಕೆಗಳು ಈಗ ಸುಮಾರು 3 ಕೋಟಿ. ವರ್ಷಕ್ಕೆ 60 ಲಕ್ಷದಷ್ಟು ಜಿಂಕೆಗಳನ್ನು ಲೈಸೆನ್ಸ್ ಪಡೆದೇ ಹೊಡೆಯುತ್ತಾರೆ. ಆ ಲೈಸೆನ್ಸಿನ ಹಣವೇ ರಾಜ್ಯಗಳ ವನ್ಯಜೀವಿ ಇಲಾಖೆಗಳಿಗೆ ಒಂದು ದೊಡ್ಡ ಆಸರೆ.

ಹಾಗಾದರೆ ಬಾಟಲಿ ಕೆಲಸ ಮಾಡುತ್ತದೆಯೇ? ಮೂಗಿನ ಮೇಲೆ ಮಾಡುತ್ತದೆ, ಕಾಲಿನ ಮೇಲೆ ಅಷ್ಟಾಗಿ ಮಾಡುವುದಿಲ್ಲ.

ಜಿಂಕೆಯ ಬದುಕು ವಾಸನೆಯಲ್ಲೇ ನಡೆಯುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಹಣೆಯ ಮೇಲೆ, ಕಣ್ಣಿನ ಮೂಲೆಯಲ್ಲಿ, ಗೊರಸಿನ ಸೀಳಿನಲ್ಲಿ, ಹಿಂಗಾಲಿನ ಕೀಲಿನ ಒಳಬದಿಯಲ್ಲಿ, ಹೀಗೆ ಮೈಮೇಲೆಲ್ಲ ವಾಸನೆಯ ಗ್ರಂಥಿಗಳು. ಬಿಳಿಬಾಲದ ಜಿಂಕೆ ಹಿಂಗಾಲುಗಳನ್ನು ಜೋಡಿಸಿ, ಕೀಲಿನ ಆ ಕೂದಲ ಗೊಂಚಲಿನ ಮೇಲೆಯೇ ಮೂತ್ರ ಹರಿಯಬಿಟ್ಟು, ಕಾಲಿಗೆ ಕಾಲು ತಿಕ್ಕುತ್ತದೆ. ಬೆದೆಗಾಲದ ಗಂಡಿನಲ್ಲಿ ಆ ಗೊಂಚಲು ಕಪ್ಪುಗಟ್ಟಿ ಗಬ್ಬು ನಾರುತ್ತಿರುತ್ತದೆ. ಉತ್ತರದ ರಾಜ್ಯಗಳಲ್ಲಿ ನವೆಂಬರ್ ತಿಂಗಳೇ ಬೆದೆಗಾಲ. ಅದನ್ನು ನಿರ್ಧರಿಸುವುದು ಚಳಿಯಲ್ಲ, ಕುಗ್ಗುತ್ತಾ ಹೋಗುವ ಹಗಲು.

ಈ ಹೊತ್ತಿನಲ್ಲಿ ಗಂಡು ಮಾಡುವ ಒಂದು ಕೆಲಸದ ಮೇಲೆಯೇ ಬಾಟಲಿ ವ್ಯಾಪಾರ ನಿಂತಿದೆ. ನೆಲದತ್ತ ಬಾಗಿದ ಒಂದು ರೆಂಬೆಯನ್ನು ಆರಿಸಿಕೊಂಡು ಅದರ ತುದಿಯನ್ನು ನೆಕ್ಕುತ್ತದೆ, ಕಚ್ಚುತ್ತದೆ, ಹಣೆ ಮತ್ತು ಕಣ್ಣಿನ ಮೂಲೆಯನ್ನು ಅದಕ್ಕೆ ಉಜ್ಜುತ್ತದೆ. ಬಳಿಕ ಅದರ ಕೆಳಗಿನ ತರಗೆಲೆಗಳನ್ನು ಮುಂಗಾಲಿನಿಂದ ಕೆರೆದು, ಹಸಿ ಮಣ್ಣು ಕಂಡ ಮೇಲೆ ಅಲ್ಲಿ ಮೂತ್ರ ಹೊಯ್ಯುತ್ತದೆ. ಬೇಟೆಗಾರರು ಇದನ್ನು ಸ್ಕ್ರೇಪ್ ಎನ್ನುತ್ತಾರೆ. ನಮ್ಮ ಬಂಡೀಪುರ, ನಾಗರಹೊಳೆಗಳ ಚುಕ್ಕೆ ಜಿಂಕೆಯ ಗಂಡು ಹಿಂಗಾಲ ಮೇಲೆ ಎದ್ದು ನಿಂತು ಎತ್ತರದ ರೆಂಬೆಗೆ ಮುಖ ಉಜ್ಜುವುದನ್ನು ಸಫಾರಿಗೆ ಹೋದವರು ನೋಡಿರಬಹುದು. ಎಲೆ ತಿನ್ನಲು ಎದ್ದಿದೆ ಎಂದುಕೊಳ್ಳುತ್ತೇವೆ. ಎಷ್ಟೋ ಸಲ ಅದು ತನ್ನ ವಾಸನೆ ಹಚ್ಚಿ ಬರುತ್ತಿರುತ್ತದೆ.

ಬೇಟೆಗಾರ ಮಾಡುವುದು ಇದರ ನಕಲು. ಕೋಲಿನಿಂದ ನೆಲ ಕೆರೆಯುತ್ತಾನೆ, ಮೂತ್ರ ಸುರಿಯುತ್ತಾನೆ, ಇಲ್ಲವೇ ಹನಿಹನಿಯಾಗಿ ತೊಟ್ಟಿಕ್ಕುವ ಬಾಟಲಿಯನ್ನು ರೆಂಬೆಗೆ ನೇತುಹಾಕುತ್ತಾನೆ. ಕೆಲವರು ಮೂತ್ರದಲ್ಲಿ ಅದ್ದಿದ ಬಟ್ಟೆಯನ್ನು ಬೂಟಿಗೆ ಕಟ್ಟಿ ಎಳೆದುಕೊಂಡು ನಡೆಯುವುದೂ ಉಂಟು. ಜಿಂಕೆ ಬರುತ್ತದೆ. ಬಂದು ಮೂಸುತ್ತದೆ. ಅದನ್ನು ಕಂಡವನು ಮುಂದಿನ ವರ್ಷ ಎರಡು ಬಾಟಲಿ ಕೊಳ್ಳುತ್ತಾನೆ.

ವಿಜ್ಞಾನಿಗಳು ಕೇಳಿದ ಪ್ರಶ್ನೆ ಬೇರೆ: ಮೂತ್ರ ಸುರಿಯದಿದ್ದರೂ ಬರುತ್ತಿತ್ತೇ? ಟೆಕ್ಸಸ್‌ನ ಸ್ಟೀಫನ್ ಎಫ್. ಆಸ್ಟಿನ್ ವಿಶ್ವವಿದ್ಯಾಲಯದ ಜೇಮ್ಸ್ ಕ್ರೋಲ್ ಮತ್ತು ಬೆನ್ ಕೋರ್ಥ್ ನಕಲಿ ಸ್ಕ್ರೇಪ್‌ಗಳನ್ನು ಮಾಡಿ ಕ್ಯಾಮೆರಾ ಕಟ್ಟಿದರು. ಒಂದಕ್ಕೆ ಬೆದೆಯ ಹೆಣ್ಣಿನ ಮೂತ್ರ, ಇನ್ನೊಂದಕ್ಕೆ ಗಂಡಿನದು, ಮತ್ತೊಂದಕ್ಕೆ ಮನುಷ್ಯರದು. ಕಾರಿನೊಳಗೆ ಸಿಂಪಡಿಸುವ 'ಹೊಸ ಕಾರಿನ ವಾಸನೆ'ಯನ್ನೂ ಬಿಡಲಿಲ್ಲ. ಜಿಂಕೆಗಳು ಎಲ್ಲಕ್ಕೂ ಬಂದವು. ಮನುಷ್ಯರ ಮೂತ್ರಕ್ಕೆ ಹೆದರಿ ಓಡಲೂ ಇಲ್ಲ. ಕೆದಕಿದ ಹಸಿ ಮಣ್ಣು, ಮೇಲೊಂದು ಬಾಗಿದ ರೆಂಬೆ, ಏನೋ ಹೊಸ ವಾಸನೆ, ಇಷ್ಟಿದ್ದರೆ ಅವುಗಳ ಕುತೂಹಲಕ್ಕೆ ಸಾಕಾಗಿತ್ತು.

ಬೆದೆಯ ಸುದ್ದಿ ಮೂತ್ರದಲ್ಲೇ ಇದೆಯೇ ಎಂಬುದನ್ನು ಜಾರ್ಜಿಯಾ ವಿಶ್ವವಿದ್ಯಾಲಯದ ಕಾರ್ಲ್ ಮಿಲ್ಲರ್, ಲ್ಯಾರಿ ಮಾರ್ಚಿಂಟನ್ ಮತ್ತು ಸಂಗಡಿಗರು ಪರೀಕ್ಷಿಸಿದರು. 1994ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಗಂಡುಗಳು ನಿಜವಾಗಿ ಕೆರಳಿದ್ದು ಬೆದೆಯ ಹೆಣ್ಣಿನ ಯೋನಿಸ್ರಾವಕ್ಕೆ. ಬರಿಯ ಮೂತ್ರಕ್ಕೆ ಅಂಥ ಉತ್ಸಾಹ ಕಾಣಲಿಲ್ಲ. ಇನ್ನೊಂದು ತೊಡಕೂ ಇದೆ. ಹೋರಿಯೋ ಹೋತವೋ ಹೆಣ್ಣಿನ ಮೂತ್ರ ಮೂಸಿ, ಮೇಲ್ತುಟಿ ಮಡಚಿ, ಮೂತಿ ಆಕಾಶಕ್ಕೆತ್ತಿ ನಿಲ್ಲುವುದನ್ನು ಹಳ್ಳಿಯವರೆಲ್ಲ ಬಲ್ಲರು. ಜಿಂಕೆಯೂ ಹಾಗೇ ಮಾಡುತ್ತದೆ. ಆಗ ಕೆಲಸ ಮಾಡುವುದು ಬಾಯಿಯ ಮೇಲ್ಭಾಗದಲ್ಲಿ, ಮೂಗಿಗೆ ಅಂಟಿಕೊಂಡಂತಿರುವ ಬೇರೆಯೇ ಒಂದು ಅಂಗ. ಹೆಚ್ಚಾಗಿ ಗಾಳಿಯಲ್ಲಿ ತೇಲಿ ಬಾರದ, ನೆಕ್ಕಿ ಮುಟ್ಟಿಯೇ ತಿಳಿಯಬೇಕಾದ ಭಾರದ ಅಣುಗಳನ್ನು ಅದು ಓದುತ್ತದೆ. ಹತ್ತಿರ ಬಂದು ಮೂತಿಯಿಟ್ಟ ಮೇಲೆ ತಿಳಿಯುವ ಸುದ್ದಿ ಅರ್ಧ ಮೈಲಿಯಾಚೆಯ ಜಿಂಕೆಯನ್ನು ಕರೆತರುವುದು ಹೇಗೆ?

ಬಾಟಲಿಯೊಳಗೆ ಇರುವುದೇನು ಎಂಬುದೂ ಕೇಳಬೇಕಾದ ಮಾತೇ. ಜಿಂಕೆ ಸಾಕುವ ಫಾರಂಗಳಲ್ಲಿ ಜಾಲರಿಯಂಥ ನೆಲದ ಮೇಲೆ ಪ್ರಾಣಿಗಳನ್ನು ನಿಲ್ಲಿಸಿ, ಕೆಳಗೆ ಸೋರಿದ್ದನ್ನು ಹಿಡಿಯುತ್ತಾರೆ. ಮೂತ್ರದ ಜೊತೆ ಹಿಕ್ಕೆ, ಜೊಲ್ಲು, ಕೂದಲು ಸೇರದೆ ಇರದು. ಹೆಣ್ಣು ಜಿಂಕೆ ಬೆದೆಯಲ್ಲಿರುವುದು ಒಂದೆರಡು ದಿನ ಮಾತ್ರ. ಗಬ್ಬ ಕಟ್ಟದಿದ್ದರೆ ಸುಮಾರು 28 ದಿನಕ್ಕೆ ಮತ್ತೆ ಬರುತ್ತದೆ. ಹಲವು ಜಿಂಕೆಗಳು ಒಟ್ಟಿಗಿರುವ ದೊಡ್ಡಿಯಲ್ಲಿ ಆ ಒಂದು ದಿನದ, ಆ ಒಂದು ಪ್ರಾಣಿಯ ಮೂತ್ರವನ್ನು ಬೇರ್ಪಡಿಸುವುದು ಎಷ್ಟು ಕಷ್ಟ ಎಂಬುದನ್ನು ದನ ಕಟ್ಟಿದವರು ಊಹಿಸಬಲ್ಲರು. ಲೇಬಲ್ಲಿನ ಮಾತು ನಿಜವೇ ಎಂದು ತಿಳಿಯಲು ಕೊಳ್ಳುವವನ ಬಳಿ ದಾರಿಯಿಲ್ಲ. ಮೇಲಾಗಿ ಮೂತ್ರ ಹಳತಾದಂತೆ ಬ್ಯಾಕ್ಟೀರಿಯಾಗಳು ಅದನ್ನು ಅಮೋನಿಯಾ ಮಾಡುತ್ತವೆ. ಆ ಘಾಟು ಯಾರ ಮೂತ್ರದಲ್ಲಾದರೂ ಒಂದೇ.

ಇಷ್ಟೆಲ್ಲ ಆಗಿ ಗಂಡು ಬಂದೇ ಬಂತು ಎಂದಿಟ್ಟುಕೊಳ್ಳೋಣ. ಬರುವುದು ಯಾವಾಗ? ಜಾರ್ಜಿಯಾದವರೇ ಸ್ಕ್ರೇಪ್‌ಗಳಿಗೆ ಕ್ಯಾಮೆರಾ ಕಟ್ಟಿ 2001ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ಬಹುಪಾಲು ಭೇಟಿಗಳು ರಾತ್ರಿ ಹೊತ್ತಿನವು. ಕತ್ತಲಾದ ಮೇಲೆ ಗುಂಡು ಹಾರಿಸುವುದು ಅಲ್ಲಿ ಕಾನೂನುಬಾಹಿರ. ಒಂದೇ ಸ್ಕ್ರೇಪ್‌ಗೆ ಹಲವು ಗಂಡುಗಳು ಬಂದು ಹೋಗುತ್ತವೆ ಎಂಬುದೂ ಅದರಲ್ಲಿ ಗೊತ್ತಾಯಿತು.

ಬಾಟಲಿಯ ಬೆನ್ನಿಗೇ ಮಾರಾಟವಾಗುವ ಇನ್ನೊಂದು ಸರಕು ಮನುಷ್ಯರ ವಾಸನೆ ಅಡಗಿಸುವ ಇದ್ದಿಲು ಲೇಪದ ಉಡುಪು. ಅಮೆರಿಕದ ಕೃಷಿ ಇಲಾಖೆಯ ಸಂಶೋಧಕ ಜಾನ್ ಶಿವಿಕ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವರಿಗೆ ಇಂಥ ಉಡುಪು ತೊಡಿಸಿ, ಕೆಲವರನ್ನು ಸಾದಾ ಬಟ್ಟೆಯಲ್ಲಿ ಅಡಗಿಸಿ, ಪತ್ತೆ ನಾಯಿಗಳನ್ನು ಬಿಟ್ಟರು. ಒಬ್ಬರನ್ನು ಬಿಟ್ಟು ಎಲ್ಲರೂ ಸಿಕ್ಕಿಬಿದ್ದರು. ಹಳೆಯ ಶಿಕಾರಿಗಳು ಚಿಟಿಕೆ ಧೂಳು ಹಾರಿಸಿ ಗಾಳಿ ಎತ್ತಣಿಂದ ಬೀಸುತ್ತಿದೆ ಎಂದು ನೋಡಿ ಕೂರುತ್ತಿದ್ದುದು ಸುಮ್ಮನೆ ಅಲ್ಲ. ಗಾಳಿ ಬೆನ್ನಿನಿಂದ ಬೀಸಿದರೆ ಯಾವ ಬಾಟಲಿಯೂ ಕಾಪಾಡದು.

ವಾಸನೆಯ ಆಮಿಷ ಪೂರ್ತಿ ಬೊಗಳೆ ಎಂದೂ ಹೇಳಲಾಗದು. ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಲ್ಲಿ 2003ರಲ್ಲಿ ಚೀತಾಗಳ ಮುಂದೆ 24 ಬಗೆಯ ಸೆಂಟುಗಳನ್ನು ಇಟ್ಟು ನೋಡಿದಾಗ ಕ್ಯಾಲ್ವಿನ್ ಕ್ಲೈನ್ ಕಂಪನಿಯ 'ಅಬ್ಸೆಶನ್ ಫಾರ್ ಮೆನ್' ಎಲ್ಲವನ್ನೂ ಹಿಂದಿಕ್ಕಿತು. ಸರಾಸರಿ 11 ನಿಮಿಷ ಅವು ಅದನ್ನು ಮೂಸುತ್ತಾ ಉಜ್ಜುತ್ತಾ ಇದ್ದವು. ಗ್ವಾಟೆಮಾಲಾದ ಕಾಡಿನಲ್ಲಿ ಜಾಗ್ವಾರ್‌ಗಳನ್ನು ಕ್ಯಾಮೆರಾದ ಮುಂದೆ ಒಂದಷ್ಟು ಹೊತ್ತು ನಿಲ್ಲಿಸಲು ಅದನ್ನೇ ಬಳಸಿದರು. 2018ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಅವನಿ ಎಂಬ ಹೆಣ್ಣು ಹುಲಿಯ ಹುಡುಕಾಟದಲ್ಲೂ ಅಮೆರಿಕದ ಸೆಂಟನ್ನೂ ಬೇರೊಂದು ಹುಲಿಯ ಮೂತ್ರವನ್ನೂ ಚಿಮುಕಿಸಿದ ವರದಿಗಳಿದ್ದವು. ನವೆಂಬರ್ 2ರಂದು ಅವನಿ ಗುಂಡಿಗೆ ಬಲಿಯಾಯಿತು. ಅದು ಅಲ್ಲಿಗೆ ಬಂದದ್ದು ವಾಸನೆ ಹಿಡಿದೋ, ಮಾಮೂಲು ದಾರಿ ಅದೇ ಆಗಿದ್ದರಿಂದಲೋ ಎಂದು ಬಿಡಿಸಿ ಹೇಳುವುದು ಸಾಧ್ಯವಿಲ್ಲ. ಜಿಂಕೆ ಬೇಟೆಗಾರರ ಗೆಲುವಿನ ಕಥೆಗಳಲ್ಲಿರುವ ತೊಡಕೂ ಇದೇ. ಹೇಗೂ ಆ ದಾರಿಯಲ್ಲಿ ಬರುತ್ತಿದ್ದ ಜಿಂಕೆಯನ್ನು ಅಟ್ಟಣೆಯ ಎದುರು ಅರ್ಧ ನಿಮಿಷ ತಲೆ ತಗ್ಗಿಸಿ ನಿಲ್ಲುವಂತೆ ಮಾಡುವುದು, ವಾಸನೆಯಿಂದ ಆಗುವ ಕೆಲಸ ಅಷ್ಟೇ. ಬಿಲ್ಲು ಹಿಡಿದವನಿಗೆ ಆ ಅರ್ಧ ನಿಮಿಷವೂ ಕಡಿಮೆಯದಲ್ಲ.

ಆದರೆ ಈಗ ಚರ್ಚೆ ಹೊರಳಿರುವುದು ಫಲದ ಕಡೆಗಲ್ಲ, ರೋಗದ ಕಡೆಗೆ. 1967ರಲ್ಲಿ ಕೊಲರಾಡೊದ ಫೋರ್ಟ್ ಕಾಲಿನ್ಸ್‌ನ ಸಂಶೋಧನಾ ಕೇಂದ್ರವೊಂದರಲ್ಲಿ ಜಿಂಕೆಗಳು ಮೇವಿದ್ದರೂ ಬಡಕಲಾಗುತ್ತಾ, ಜೊಲ್ಲು ಸುರಿಸುತ್ತಾ, ತಲೆ ಜೋತುಹಾಕಿ ಸತ್ತವು. ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂದು ಹೆಸರಾದ ಈ ಕಾಯಿಲೆಗೆ ಕಾರಣ ವೈರಸ್ಸಲ್ಲ, ಬ್ಯಾಕ್ಟೀರಿಯಾ ಅಲ್ಲ. ಪ್ರಯಾನ್ ಎಂಬ, ಮಡಿಕೆ ತಪ್ಪಿದ ಪ್ರೋಟೀನು. ಲಸಿಕೆಯಿಲ್ಲ, ಮದ್ದಿಲ್ಲ, ತಗುಲಿದ ಪ್ರಾಣಿ ಉಳಿಯುವುದಿಲ್ಲ. ಕುದಿಸಿದರೆ ಸಾಯುವಂಥದ್ದಲ್ಲ, ಮಣ್ಣಿಗೆ ಅಂಟಿ ವರ್ಷಗಟ್ಟಲೆ ಇರಬಲ್ಲದು. ಮನುಷ್ಯರಿಗೆ ಅಂಟಿದ ಖಚಿತ ಪ್ರಕರಣ ಇದುವರೆಗೆ ಇಲ್ಲ. ಅಮೆರಿಕದ 30ಕ್ಕೂ ಹೆಚ್ಚು ರಾಜ್ಯಗಳಲ್ಲಿ ಕಾಯಿಲೆ ಕಾಣಿಸಿಕೊಂಡಿದೆ. 2016ರಲ್ಲಿ ನಾರ್ವೆಯ ಹಿಮಸಾರಂಗದಲ್ಲೂ ಸಿಕ್ಕಿತು.

ರೋಗಿ ಜಿಂಕೆಯ ಜೊಲ್ಲು, ಹಿಕ್ಕೆ, ಮೂತ್ರಗಳಲ್ಲಿ ಪ್ರಯಾನ್ ಇರುತ್ತದೆ. ಮೂತ್ರದಲ್ಲಿ ಅದರ ಪ್ರಮಾಣ ಕಡಿಮೆ, ಬಾಟಲಿಯಿಂದಲೇ ಕಾಯಿಲೆ ಹಬ್ಬಿತೆಂದು ಸಾಬೀತಾದ ಪ್ರಕರಣವೂ ಇಲ್ಲ. ಆದರೂ ಹಲವು ಪ್ರಾಣಿಗಳ ಮೂತ್ರ ಒಂದೇ ಡ್ರಮ್ಮಿನಲ್ಲಿ ಬೆರೆತು ದೇಶದುದ್ದಕ್ಕೂ ಹೋಗುತ್ತದೆ. ಹೋಗಿ ಬೀಳುವುದು ಜಿಂಕೆಗಳು ಸರದಿಯಲ್ಲಿ ಬಂದು ನೆಕ್ಕುವ ಜಾಗಕ್ಕೇ. ಈ ಅಪಾಯ ಬೇಡವೆಂದು ವರ್ಜೀನಿಯಾ 2015ರಲ್ಲಿ, ವರ್ಮಾಂಟ್ 2016ರಲ್ಲಿ ಸಹಜ ಮೂತ್ರದ ಬಳಕೆಯನ್ನು ನಿಷೇಧಿಸಿದವು. ಇನ್ನೂ ಕೆಲವು ರಾಜ್ಯಗಳು ಅದೇ ದಾರಿ ಹಿಡಿದವು. ಕಂಪನಿಗಳು ರೋಗಮುಕ್ತ ಫಾರಂಗಳ ಮುದ್ರೆ ಒತ್ತಿಸಿಕೊಳ್ಳತೊಡಗಿವೆ, ಮತ್ತೆ ಕೆಲವು ಕಾರ್ಖಾನೆಯ ಕೃತಕ ವಾಸನೆಗೆ ತಿರುಗಿವೆ. ಕಾರಿನ ವಾಸನೆಗೂ ಬರುವ ಜಿಂಕೆಗೆ ಕೃತಕವಾದರೇನು ಕೊರತೆ!

ಅನುಭವಿ ಬೇಟೆಗಾರರಲ್ಲಿ ಹಲವರು ಬಾಟಲಿಯನ್ನೇ ಬಿಟ್ಟಿದ್ದಾರೆ. ಜಿಂಕೆ ಓಡಾಡುವ ದಾರಿಯ ಮೇಲೆ ಒಂದು ಬಾಗಿದ ರೆಂಬೆ, ಅದು ಸಿಗದಿದ್ದರೆ ನೇತುಬಿಟ್ಟ ದಪ್ಪ ನಾರಿನ ಹಗ್ಗ, ಕೆಳಗೆ ಕೆರೆದ ನೆಲ, ಅಷ್ಟೇ. ಒಂದು ಜಿಂಕೆ ಮೂತಿ ಉಜ್ಜಿತೆಂದರೆ ಉಳಿದವು ತಾವೇ ಮುಂದುವರಿಸುತ್ತವೆ. ಹಣ ಕೊಟ್ಟು ತರುವ ಮೂತ್ರದ ಪಾತ್ರ ಇದರಲ್ಲಿ ತೀರ ಚಿಕ್ಕದು.

ಅಮೆರಿಕದಲ್ಲಿ ನೆಲೆಸಿ ಬೇಟೆಯ ಲೈಸೆನ್ಸ್ ಪಡೆಯುವ ಕನ್ನಡಿಗರು ಬಾಟಲಿಗೆ ಕೈಹಾಕುವ ಮೊದಲು ತಮ್ಮ ರಾಜ್ಯದ ವನ್ಯಜೀವಿ ಇಲಾಖೆ ಆ ವರ್ಷಕ್ಕೆ ಹೊರಡಿಸಿದ ನಿಯಮಗಳನ್ನು ಓದಿಕೊಳ್ಳುವುದು ಒಳ್ಳೆಯದು. ಒಂದು ರಾಜ್ಯದ ಅಂಗಡಿಯಲ್ಲಿ ರಾಜಾರೋಷವಾಗಿ ಮಾರುವ ಸರಕನ್ನು ಗಡಿ ದಾಟಿ ಬೇಟೆಗೆ ಒಯ್ದರೆ ದಂಡ ಬೀಳಬಹುದು.